ಅಪ್ಪನ ಮೂವರು ಮಿಸ್ಟ್ರೆಸ್‌ಗಳು

ಕೆಲಸಕ್ಕೆ ಸೇರಿದ ಹೊಸದು. ಲಂಡನ್ನಿನಿಂದ ಬಂದಿದ್ದ ಕ್ಲೈಂಟ್ ಒಬ್ಬರನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದೆವು. ಮಸಾಲೆ ದೋಸೆಗೆ ಫೋರ್ಕ್ ಚುಚ್ಚುತ್ತಾ, ನಿಮ್ಮ ತಂದೆ ಏನು ಮಾಡುತ್ತಿದ್ದರು ಅಂತ ಕೇಳಿದರು. ನಾನು ಎದೆಯುಬ್ಬಿಸಿ ನನ್ನ ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅಪ್ಪ ಹೆಡ್ ಮಾಸ್ಟರು. ಅವರ ಕೈಕೆಳಗೆ ಮೂವರು ಮಿಸ್ಟ್ರೆಸ್‌ಗಳಿದ್ದರು. ಮೂವರೂ ತುಂಬಾ ಒಳ್ಳೆಯವರು. ಯುಗಾದಿಗೆ ನಮ್ಮ ಮನೆಗೇ ಬರುತ್ತಿದ್ದರು. ಅಮ್ಮನೇ ಹೋಳಿಗೆ ಮಾಡಿ ಬಡಿಸುತ್ತಿದ್ದಳು.

ಫೋರ್ಕ್ ದೋಸೆಯಲ್ಲೇ ನಿಂತಿತು. “ನಿಮ್ಮ ತಾಯಿಯದು ದೊಡ್ಡ ಮನಸ್ಸು” ಅಂದರು ಪುಣ್ಯಾತ್ಮ. ನಾನು ಥ್ಯಾಂಕ್ಸ್ ಹೇಳಿದೆ! ಮ್ಯಾನೇಜರ್ ಮೇಜಿನ ಕೆಳಗೆ ಕಾಲು ತುಳಿದರೂ ನನಗೆ ಹೊಳೆಯಲಿಲ್ಲ.

ರಾತ್ರಿ ಡಿಕ್ಷನರಿ ತೆಗೆದು ಕೂತೆ. ಲ್ಯಾಟಿನ್ನಿನ ‘ಮ್ಯಾಜಿಸ್ಟರ್’ ಫ್ರೆಂಚ್ ದಾರಿಯಲ್ಲಿ ಇಂಗ್ಲಿಷಿಗೆ ಬಂದು ಮಾಸ್ಟರ್ ಆಯಿತು, ನಮ್ಮಲ್ಲಿಗೆ ಬಂದು ಮೇಷ್ಟ್ರಾಯಿತು. ಅದರ ಬೇರಿಗೆ ‘ಹೆಚ್ಚು’ ಅಂತ ಅರ್ಥ. ಮಿನಿಸ್ಟರ್ ಪದದ ಬೇರು ಮೈನಸ್, ಅಂದರೆ ‘ಕಡಿಮೆ’. ಮೂಲದಲ್ಲಿ ಸೇವಕ ಅಂತ. ಟ್ರಾನ್ಸ್‌ಫರ್ ಅರ್ಜಿ ಹಿಡಿದು ಮಿನಿಸ್ಟರ್ ಮನೆ ಮುಂದೆ ನಿಲ್ಲುವ ಮೇಷ್ಟ್ರುಗಳಿಗೆ ಇದನ್ನು ಯಾರಾದರೂ ಹೇಳಬಾರದಾ?

ಮಾಸ್ಟರ್‌ನ ಹೆಣ್ಣುರೂಪವೇ ಮಿಸ್ಟ್ರೆಸ್. ಮನೆ ಆಳುವವಳು, ಪಾಠ ಹೇಳುವವಳು. ಆದರೆ 1755ರ ಸ್ಯಾಮ್ಯುಯೆಲ್ ಜಾನ್ಸನ್ ಡಿಕ್ಷನರಿಯಲ್ಲೇ ಟೀಚರಮ್ಮನೂ ಇಟ್ಟುಕೊಂಡವಳೂ ಒಂದೇ ಪದದಡಿ ಕೂತಿದ್ದಾರೆ. ಮಾಸ್ಟರ್‌ಗೆ ಮಾತ್ರ ಆ ಥರದ ಅರ್ಥ ಅಂಟಲೇ ಇಲ್ಲ ನೋಡಿ! ಮಿಸ್ಸು, ಮಿಸೆಸ್ಸು ಎರಡೂ ಮಿಸ್ಟ್ರೆಸ್ಸಿನ ಮೊಟಕು ರೂಪಗಳೇ. ಒಂದು ಮದುವೆಯಾಗದವಳಿಗೆ, ಇನ್ನೊಂದು ಆದವಳಿಗೆ ಅಂತ ಆಮೇಲೆ ಹಂಚಿಕೊಂಡರು. ನಮ್ಮೂರಲ್ಲಿ ಆ ತಾಪತ್ರಯವೇ ಇಲ್ಲ. ಮೊಮ್ಮಕ್ಕಳಾದರೂ ಅವರು ಮಿಸ್ಸೇ.

ಮನಸ್ಸು ತಡೆಯದೆ ಅಪ್ಪನಿಗೆ ಫೋನ್ ಮಾಡಿದೆ. ಕ್ಲೈಂಟಿಗೆ ಹೇಳಿದ್ದನ್ನು ಪೂರ್ತಿ ಒಪ್ಪಿಸಿದೆ. ಅಪ್ಪ ಗಂಭೀರವಾಗಿ ಕೇಳಿಸಿಕೊಂಡರು.

“ಮೂವರಲ್ಲ ಕಣೋ, ನಾಲ್ವರು. ಹೊಲಿಗೆ ಮಿಸ್ಟ್ರೆಸ್ಸನ್ನು ಬಿಟ್ಟೇಬಿಟ್ಟೆಯಲ್ಲ!”