ಚಳಿಗಿಂತ ದೊಡ್ಡ ಒಲೆ

ಬೆಂಗಳೂರಿನ ಚಳಿ ಅಂದರೆ ಹೊರಗಿನವರು ನಗುತ್ತಾರೆ. ನಗಲಿ. ಬಸವನಗುಡಿಯ ನಮ್ಮ ಮನೆಯಲ್ಲಿ ಡಿಸೆಂಬರಿನ ಒಂದು ರಾತ್ರಿ ಮಲಗಿ ನೋಡಲಿ. ತಾತ ಕಟ್ಟಿಸಿದ ಮನೆ. 14 ಅಡಿ ಎತ್ತರದ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ-ಗಾರೆಯ ಸೂರು; ಕಾಲಿಟ್ಟರೆ ಜುಮ್ಮೆನ್ನುವ ರೆಡ್ ಆಕ್ಸೈಡ್ ನೆಲ. ಮುಂಬಾಗಿಲ ಕೆಳಗಿನ ಸಂದಿಯಲ್ಲಿ ಹಲ್ಲಿ ತಲೆ ಬಗ್ಗಿಸದೆ ಓಡಾಡುತ್ತದೆ. ಗೋಡೆಯ ತುದಿಯಲ್ಲಿ ನಾಲ್ಕು ಗವಾಕ್ಷಿ. ಹಗ್ಗ ಎಳೆದು ಮುಚ್ಚಬೇಕು. ಹಗ್ಗ ಹೋಗಿ ಯಾವ ಕಾಲವಾಯಿತೋ. ಏಪ್ರಿಲ್‌ನಲ್ಲಿ ಬಂದವರೆಲ್ಲ “ನಿಮ್ಮನೆಗೆ ಎಸಿನೇ ಬೇಡ ಬಿಡಿ” ಅಂತಾರೆ. ಡಿಸೆಂಬರಿನಲ್ಲಿ ಅವರು ಯಾರೂ ಬರುವುದಿಲ್ಲ.

ಕಡಲೆಕಾಯಿ ಪರಿಷೆ ಮುಗಿದ ವಾರ ಅದು. ಅಪ್ಪ ಸ್ವೆಟರ್, ಅದರ ಮೇಲೆ ಶಾಲು, ತಲೆಗೆ ಮಂಕಿ ಕ್ಯಾಪ್ ಹಾಕಿಕೊಂಡು ಪೇಪರ್ ಓದುತ್ತಿದ್ದರು. “1884ರ ಜನವರಿ 13ಕ್ಕೆ 7.8 ಡಿಗ್ರಿ ಇತ್ತಂತೆ ಕಣೋ ಊರಲ್ಲಿ” ಅಂದರು. ಹೇಳಿದ ರೀತಿ ನೋಡಿದರೆ ಆ ದಾಖಲೆ ನಮ್ಮ ಹಾಲ್‌ನಲ್ಲೇ ಮುರಿಯುವ ಹಾಗಿತ್ತು.

ಮಗನಾದವನು ಸುಮ್ನೆ ಕೂತಿರೋದು ಹೇಗೆ? ಶಿವಾಜಿನಗರದ ಕಡೆ ಒಂದು ಗುಜರಿ ಅಂಗಡಿಗೆ ಹೋದೆ. ಕಂಟೋನ್ಮೆಂಟಿನ ಹಳೇ ಬಂಗಲೆ ಕೆಡವಿದಾಗ ಬಂದ ಸಾಮಾನಂತೆ, ಎರಡು ಎರಕದ ಕಬ್ಬಿಣದ ಸೌದೆ ಒಲೆ ಕೂತಿದ್ದವು. ಒಂದು ಚಿಕ್ಕದು, ಸ್ಟೂಲಿನಷ್ಟು. ಇನ್ನೊಂದು ನಮ್ಮ ಗೋದ್ರೇಜ್ ಬೀರುವಿನ ತಮ್ಮನಂತಿತ್ತು. ಅದು ಎಷ್ಟು ಶಾಖ ಕೊಡುತ್ತದೆ ಅಂತ ಬೆನ್ನಿಗೆ ಚೀಟಿ: 14 ಕಿಲೋವ್ಯಾಟ್.

“ಹಳೇ ಮನೆ ಅಂತೀರ, ಗಾಳಿ ನುಗ್ಗತ್ತೆ ಅಂತೀರ. ಚಿಕ್ಕದು ತಗೊಂಡ್ರೆ ಆಮೇಲೆ ಕೊರಗ್ತೀರ ಸಾರ್” ಅಂದ ಅಂಗಡಿಯವನು. ಮಾತು ನ್ಯಾಯವಾಗಿಯೇ ಕೇಳಿಸಿತು. ಸಂದುಗೊಂದು ಜಾಸ್ತಿ ಇದ್ದರೆ ಒಲೆಯೂ ದೊಡ್ಡದಿರಬೇಕು, ಅಲ್ವಾ? 130 ಕೆಜಿ ತೂಕ. ನಾಲ್ಕು ಜನ ಹೊತ್ತು ತಂದರು. ಹೊಸ್ತಿಲು ದಾಟಿಸುವಾಗ ಒಬ್ಬ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ವೆಲ್ಡಿಂಗ್ ಹುಡುಗ ಹೊಗೆ ಪೈಪನ್ನು ಗವಾಕ್ಷಿಯಿಂದ ಹೊರಗೆ ತೂರಿಸಿ, ಒಂದು ಬೆಂಡ್ ಕೊಟ್ಟು, ಸಜ್ಜೆಯ ಕೆಳಗೇ ನಿಲ್ಲಿಸಿದ. “ಹೊಗೆ ಮೇಲೆ ಹೋಗೋದನ್ನ ಯಾರೂ ಹೇಳ್ಕೊಡ್ಬೇಕಾಗಿಲ್ಲ ಸಾರ್” ಅಂದ. ನಮ್ಮ ಮನೆಯ ಹೊಗೆಗೆ ಹೇಳಿಕೊಡಬೇಕಿತ್ತು.

ಮೊದಲ ರಾತ್ರಿ ನಾನು ಹಳೇ ಪೇಪರ್, ಹರಿದ ಪಂಚೆ ತುರುಕಿ ಸಂದುಗಳನ್ನೆಲ್ಲ ಮುಚ್ಚಿದೆ. ಮಳೆಗೆ ಬಿದ್ದಿದ್ದ ಗುಲ್‌ಮೊಹರ್ ಕೊಂಬೆಗಳು ಪುಕ್ಕಟೆ ಸಿಕ್ಕಿದ್ದವು. ಅದನ್ನೇ ಒಟ್ಟಿದೆ. ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ. ಅದು ಉರಿಯಲಿಲ್ಲ, ಬೆವರಿತು. ಕೊಂಬೆಯ ತುದಿಯಲ್ಲಿ ನೊರೆ ಬಂದು ಚುಂಯ್ ಅಂತ ಸದ್ದು ಮಾಡಿತು. ಹಾಲ್ ತುಂಬ ಹೊಗೆ. ಅಮ್ಮ ಸೆರಗು ಮೂಗಿಗೆ ಒತ್ತಿಕೊಂಡು ಬಂದು, ಒಂದು ಮಾತೂ ಆಡದೆ, ಮುಂಬಾಗಿಲು, ಹಿಂಬಾಗಿಲು ಎರಡನ್ನೂ ತೆಗೆದಿಟ್ಟರು. ಆ ರಾತ್ರಿ ನಾವು ಬೀದಿಯ ಚಳಿಯಲ್ಲೇ ಮಲಗಿದೆವು, ಮನೆಯ ಒಳಗೆ.

ಮರುವಾರ ಒಣ ಸರ್ವೆ ಸೌದೆ ತಂದೆ. ಒಂದು ಗವಾಕ್ಷಿಯ ಪಂಚೆ ತೆಗೆದೆ. ಬೆಂಕಿ ಚೆನ್ನಾಗಿಯೇ ಹಿಡಿಯಿತು. ಏಳೂವರೆಗೆ ಅಪ್ಪ ಶಾಲು ತೆಗೆದರು. ಏಳೂ ಮುಕ್ಕಾಲಿಗೆ ಸ್ವೆಟರ್. ಎಂಟಕ್ಕೆ ಬನಿಯನ್‌ನಲ್ಲಿ ಕೂತು “ಫ್ಯಾನ್ ಹಾಕೋ” ಅಂದರು. ಹಾಕಿದೆ. ಕೆಳಗೆ 14 ಕಿಲೋವ್ಯಾಟ್ ಬೆಂಕಿ, ಮೇಲೆ ಮೂರರಲ್ಲಿ ಫ್ಯಾನ್. ನನ್ನ ಹೆಂಡತಿ ಅದರ ಫೋಟೋ ತೆಗೆದು ಟೊರೊಂಟೋದಲ್ಲಿರುವ ತಮ್ಮನಿಗೆ ಕಳಿಸಿದಳು. ಕಳಿಸಬಾರದಿತ್ತು.

ಮೂರನೇ ಪ್ರಯೋಗಕ್ಕೆ ಜಾಣನಾದೆ. ಒಲೆಯ ಗಾಳಿಕಿಂಡಿಯನ್ನು ಮುಕ್ಕಾಲು ಮುಚ್ಚಿ, ಸಣ್ಣ ಉರಿಯಲ್ಲಿ ರಾತ್ರಿಯಿಡೀ ಬಿಟ್ಟೆ. ಹಾಲ್ ಹದವಾಗಿತ್ತು. ಬೆಳಿಗ್ಗೆ ಹಿತ್ತಲಿನಿಂದ ಅಮ್ಮನ ಕೂಗು. ಪೈಪಿನ ಬೆಂಡಿನಿಂದ ಟಾರಿನಂಥ ಕಪ್ಪು ರಸ ತೊಟ್ಟಿಕ್ಕುತ್ತಿತ್ತು. ಕೆಳಗೆ ಒಣಗಲು ಹಾಕಿದ್ದ ಮಡಿ ಸೀರೆ. ಆ ಕಲೆ ಸೋಪಿಗೂ ಹೋಗಲಿಲ್ಲ, ಸೀಗೆಪುಡಿಗೂ ಹೋಗಲಿಲ್ಲ. ಸೀರೆ ಈಗ ಸ್ಕೂಟರ್ ಒರೆಸಲು ಇದೆ.

ಭಾಮೈದನ ವಿಡಿಯೋ ಕಾಲ್ ಬಂತು.

“ಭಾವ, ಅದು ಕ್ರಿಯೋಸೋಟ್. ದೊಡ್ಡ ಒಲೇಲಿ ಸಣ್ಣ ಉರಿ ಇಟ್ರೆ ಹೊಗೆ ಪೂರ್ತಿ ಸುಡಲ್ಲ. ಪೈಪಲ್ಲಿ ತಣ್ಣಗಾಗಿ ಅಂಟ್ಕೊಳ್ಳತ್ತೆ. ಅದಕ್ಕೇ ಬೆಂಕಿ ಹತ್ತಿದ್ರೆ ಮನೇನೇ ಹೋಗತ್ತೆ. ನಿಮ್ಮಲ್ಲಿ ಎಷ್ಟು ಡಿಗ್ರಿ?”

“15,” ಅಂದೆ, ಆದಷ್ಟು ನಡುಗುವ ದನಿಯಲ್ಲಿ.

“ನಮ್ಮಲ್ಲೂ 15. ಮೈನಸ್.”

ಆಮೇಲೆ ಲೆಕ್ಕ ಶುರು ಮಾಡಿದ. ಹಾಲ್ 20 ಅಡಿ, 15 ಅಡಿ, ಎತ್ತರ 14. ಒಟ್ಟು ಸುಮಾರು 119 ಘನ ಮೀಟರ್. ಅದನ್ನು 14ರಿಂದ ಭಾಗಿಸಿದರೆ ಎಂಟೂವರೆ ಕಿಲೋವ್ಯಾಟ್. ಘನ ಮೀಟರನ್ನು ಹಾಗೆ 14ರಿಂದ ಭಾಗಿಸೋದು ಇಂಗ್ಲೆಂಡಿನ ಕಡೆಯ ಅಂದಾಜಂತೆ. “ಆದ್ರೆ ಅದು ಹೊರಗೆ ಮೈನಸ್ 1, ಒಳಗೆ 21 ಬೇಕು ಅನ್ನೋರಿಗೆ ಭಾವ. ಅವರು 22 ಡಿಗ್ರಿ ಏರಿಸ್ಬೇಕು. ನೀವು ಏರಿಸ್ಬೇಕಾಗಿರೋದು ಆರು. ಹೆಚ್ಚೂ ಕಮ್ಮಿ ಕಾಲು ಭಾಗ. ಬಚ್ಚಲಲ್ಲಿರೋ ಗೀಸರ್ ಎಷ್ಟು ಕಿಲೋವ್ಯಾಟು?”

“ಎರಡು.”

ಅವನು ಏನೂ ಹೇಳಲಿಲ್ಲ. ಹಿಂದೆ ನಿಂತಿದ್ದ ನನ್ನ ಹೆಂಡತಿಯೂ ಏನೂ ಹೇಳಲಿಲ್ಲ. ಅದೇ ಜಾಸ್ತಿ ನೋವಾಗಿದ್ದು.

“ಮತ್ತೆ ಸಂದುಗೊಂದು?” ಅಂತ ಕೊನೆಯ ಅಸ್ತ್ರ ಬಿಟ್ಟೆ.

“ಬಾಗಿಲ ಸಂದಿಗೆ ಮೊದ್ಲು ಪಟ್ಟಿ ಹೊಡೆಸಿ, ಆಮೇಲೆ ಒಲೆ ಅಳತೆ ನೋಡ್ಬೇಕು. ಸಂದಿಗೆ ತಕ್ಕ ಒಲೆ ತಂದ್ರೆ ಬುಲ್ ಟೆಂಪಲ್ ರೋಡಿಗೆ ಬಿಸಿ ಮಾಡ್ದಂಗೆ. ಹಾಗಂತ ಪೂರ್ತಿ ಮುಚ್ಚಿಬಿಟ್ರೆ ಬೆಂಕಿಗೂ ಉಸಿರು ಬೇಡ್ವಾ? ಹೊಗೆ ವಾಪಸ್ ಒಳಗೇ ಬರತ್ತೆ. ಪೈಪೂ ಹಾಗೇ. ತಾರಸಿ ದಾಟಿ ಮೂರಡಿ ಮೇಲೆ ಹೋಗ್ಬೇಕು, ಸಜ್ಜೆ ಕೆಳಗೆ ಅಲ್ಲ.”

ಮದ್ರಾಸ್ ತಾರಸಿಗೆ ತೂತು ಹೊಡೆಯುವ ಮಾತು ಅಪ್ಪನ ಕಿವಿಗೆ ಬಿತ್ತು. ಆ ಚರ್ಚೆ ಅಲ್ಲಿಗೇ ಮುಗಿಯಿತು.

ಬಡಗಿ ಬಂದು ಮುಂಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹೊಡೆದ. ಅರ್ಧ ಚಳಿ ಅದಕ್ಕೇ ಹೋಯಿತು. ಹಲ್ಲಿ ಹಿಂಬಾಗಿಲಿನಿಂದ ಬರುತ್ತಿದೆ.

ಸಂಕ್ರಾಂತಿ ಆದ ಮೇಲೆ ಗುಜರಿಯವನಿಗೆ ಫೋನ್ ಮಾಡಿದೆ. “ಇಷ್ಟು ದೊಡ್ಡದು ಯಾರಿಗೆ ಬೇಕು ಸಾರ್? ಕೆಜಿ ಲೆಕ್ಕದಲ್ಲಾದ್ರೆ ತಗೋತೀನಿ” ಅಂದ. ಸುಮ್ನೆ ಕುತೂಹಲಕ್ಕೆ, ಆ ಚಿಕ್ಕ ಒಲೆ ಇನ್ನೂ ಇದೆಯಾ ಅಂತ ಕೇಳಿದೆ.

“ಅದಾ? ನೀವು ಬಂದ ಮಾರನೇ ದಿನಾನೇ ಹೋಯ್ತು ಸಾರ್. ಊಟಿಯವರು ತಗೊಂಡು ಹೋದ್ರು.”