ಫೋನ್ ಮಾಡಿ ಹಾಜರಿ ಕೂಗುವುದು

'ಊಟ ಆಯ್ತಾ? ಮಾತ್ರೆ ತಗೊಂಡ್ರಾ? ನಿದ್ದೆ ಬಂತಾ?' ಅಪ್ಪನಿಗೆ ಫೋನ್ ಮಾಡಿದರೆ ನಾನು ಕೇಳುತ್ತಿದ್ದದ್ದು ಇಷ್ಟೇ. ಅವರೂ ಮೂರು ಸಲ 'ಹೂಂ' ಅನ್ನುತ್ತಿದ್ದರು. ಎರಡು ನಿಮಿಷಕ್ಕೆ ಹಾಜರಿ ಕೂಗಿ ಮುಗಿಯುತ್ತಿತ್ತು. ಅಪ್ಪನ ಹತ್ತಿರ ಮಾತಾಡಿದೆ ಅಂತ ನನಗೆ ನೆಮ್ಮದಿ ಬೇರೆ!

ಒಂದು ದಿನ ಕೆಲಸ ಬಿಡುವ ಯೋಚನೆ ತಲೆ ತಿನ್ನುತ್ತಿತ್ತು. ಅಪ್ಪನಿಗೆ ಅದನ್ನು ಹೇಳಿ, 'ನೀವು ಮೊದಲ ಕೆಲಸ ಬಿಟ್ಟಾಗ ಹೆದರಿಕೆ ಆಗ್ಲಿಲ್ವಾ?' ಅಂದೆ. ತುಂಬಾ ಹೊತ್ತು ಸದ್ದೇ ಇಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡೆ. ಆಮೇಲೆ ಶುರು ಮಾಡಿದರು ನೋಡಿ, ಮುಕ್ಕಾಲು ಗಂಟೆ. ಮೂರು ತಿಂಗಳು ಕೆಲಸವಿಲ್ಲದಿದ್ದರೂ ಮನೆಯಲ್ಲಿ ಹೇಳದೆ, ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಡುತ್ತಿದ್ದರಂತೆ. ಇಷ್ಟು ವರ್ಷದಲ್ಲಿ ಅವತ್ತೇ ನಾನು ಅದನ್ನು ಕೇಳಿದ್ದು.

ಆ ಮೌನ ಇದೆಯಲ್ಲ, ನಾವು ಎಡವುವುದು ಅಲ್ಲೇ. ವಯಸ್ಸಾದಂತೆ ಪದ, ಹೆಸರು ನಾಲಿಗೆಗೆ ಬರುವುದು ನಿಧಾನ. ಅವರು ತಡಕಾಡುತ್ತಿರುವಾಗಲೇ ನಾವು ವಾಕ್ಯ ಮುಗಿಸಿಬಿಡುತ್ತೇವೆ. ಅಲ್ಲಿಗೆ ಅವರು ಹೇಳಬೇಕೆಂದಿದ್ದದ್ದು ಹೋಯಿತು.

ಕಿವಿಯದ್ದು ಇನ್ನೊಂದು. ವಯಸ್ಸಾದವರ ಕಿವಿಗೆ ಮೊದಲು ತಪ್ಪಿಹೋಗುವುದು ಕೀರಲು ಸದ್ದುಗಳು. ಸ, ಶ, ತ ಇಂಥವು ಮಸುಕಾಗುತ್ತವೆ, ಸ್ವರಗಳು ಮಾತ್ರ ಚೆನ್ನಾಗಿ ಕೇಳುತ್ತವೆ. ಹಾಗಾಗಿ 'ಕೇಳಿಸ್ತದೆ, ಏನಂತ ತಿಳಿಯಲ್ಲ' ಅನ್ನುವುದು ನೆಪ ಅಲ್ಲವೇ ಅಲ್ಲ. ಕಿರುಚಿದರೆ ಮಾತು ಇನ್ನಷ್ಟು ಕಲಸಿಹೋಗುತ್ತದೆ. ಟಿವಿ ಆರಿಸಿ, ನಮ್ಮ ಮುಖಕ್ಕೆ ಬೆಳಕು ಬೀಳುವಂತೆ ಎದುರಿಗೆ ಕೂತು, ಸ್ವಲ್ಪ ನಿಧಾನವಾಗಿ ಮಾತಾಡಿದರೆ ಎಷ್ಟೋ ವಾಸಿ. (ಮಗುವಿಗೆ ಹೇಳುವ ಹಾಗೆ ರಾಗ ಎಳೆಯಬೇಡಿ, ದಯವಿಟ್ಟು.)

'ಹೇಳಿದ್ದೇ ಹೇಳ್ತಾರೆ' ಅನ್ನುವ ದೂರು ನನ್ನದೂ ಇತ್ತು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಇದರ ಬಗ್ಗೆ 1963ರಲ್ಲೇ ಬರೆದಿದ್ದರು. ಮುಪ್ಪಿನಲ್ಲಿ ಹಳೆಯದನ್ನು ಮೆಲುಕು ಹಾಕುವುದು ಬರೀ ಅರಳುಮರಳಲ್ಲ, ಬದುಕನ್ನು ತಿರುಗಿ ನೋಡಿಕೊಳ್ಳುವ ಸಹಜ ಕೆಲಸ ಅನ್ನುವುದು ಅವರ ವಾದ. ಈಗ ನಾನು ಅದೇ ಕಥೆಯ ಬೇರೆ ಮೂಲೆ ಕೆದಕುತ್ತೇನೆ. 'ಅಮ್ಮನಿಗೆ ಗೊತ್ತಾಗ್ಲೇ ಇಲ್ವಾ?' ಅಂದರೆ ಸಾಕು, ಹೊಸ ಕಥೆಯೇ ಹೊರಗೆ ಬರುತ್ತದೆ.

ಹಾಗಂತ ಹಿರಿಯರ ಮಾತೆಲ್ಲ ಮುತ್ತು ಅಂತಲ್ಲ. ಅಪ್ಪನ ಕೆಲವು ಅಭಿಪ್ರಾಯ ಕೇಳಿದರೆ ಈಗಲೂ ಮೈ ಉರಿಯುತ್ತದೆ. ಜಗಳ ಆಡುತ್ತೇನೆ. 'ಪಾಪ, ವಯಸ್ಸಾಗಿದೆ' ಅಂತ ಸುಮ್ನೆ ಹೂಂಗುಟ್ಟುವುದಕ್ಕಿಂತ ಜಗಳದಲ್ಲೇ ಮರ್ಯಾದೆ ಜಾಸ್ತಿ, ಅಲ್ವಾ?

ಮೊನ್ನೆ ಅವರೇ ಫೋನ್ ಮಾಡಿದರು. 'ಕೆಲಸದ್ದು ಏನು ಮಾಡಿದೆ? ಹೇಳಲೇ ಇಲ್ಲ ನೀನು.'