ಕೂಲಂಟ್ ಡಬ್ಬಿಯಲ್ಲಿ ಖಾಲಿ ಬಿಟ್ಟ ಜಾಗಕ್ಕೂ ಕೆಲಸವಿದೆ

ಹೋದ ವಾರ ಒಂದು ಬೆಳಿಗ್ಗೆ ಗೆಳೆಯನೊಬ್ಬ ಫೋನ್ ಮಾಡಿದ್ದ. ದನಿಯಲ್ಲಿ ಗಾಬರಿ. "ಕೂಲಂಟ್ ಕಮ್ಮಿ ಕಾಣ್ತಿತ್ತು ಅಂತ ಟಾಪ್‌ಅಪ್ ಮಾಡೋಕೆ ಹೋದೆ ಕಣೋ. ಕ್ಯಾನ್ ಬಗ್ಗಿಸಿದ್ದು ಜಾಸ್ತಿ ಆಯ್ತು. ಮ್ಯಾಕ್ಸ್ ಗೆರೆ ದಾಟಿ ಡಬ್ಬಿ ಕತ್ತಿನವರೆಗೂ ಬಂದ್ಬಿಟ್ಟಿದೆ. ಗಾಡಿ ಸ್ಟಾರ್ಟ್ ಮಾಡ್ಲಾ, ಬೇಡ್ವಾ?" ಸದ್ಯಕ್ಕೆ ಹಾಗೇ ಬಿಡು, ಬಂದೆ ಅಂದೆ. ಹತ್ತು ನಿಮಿಷದ ಕೆಲಸ ಅದು, ಮುಗಿಯಿತು. ಆದರೆ ಆ ಹತ್ತು ನಿಮಿಷದಲ್ಲಿ ಅವನು ಇನ್ನೇನು ಮಾಡಿಯೇಬಿಡುತ್ತಿದ್ದ ಎರಡು ತಪ್ಪುಗಳು ನನ್ನ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು, ಜಾಸ್ತಿ ಆದರೆ ಏನಾಗುತ್ತದೆ ಅನ್ನುವುದು. ಕೂಲಂಟ್ ಅಂದರೆ ಇಂಜಿನ್ನಿನ ಬಿಸಿ ಹೀರಿ ಅದನ್ನು ತಣ್ಣಗಿಡುವ ದ್ರವ. ಇಂಜಿನ್ ಬಿಸಿಯಾದಾಗ ಅದು ಹಿಗ್ಗುತ್ತದೆ. ತಣ್ಣಗಿದ್ದದ್ದು 90 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ನೂರಕ್ಕೆ ಸುಮಾರು ನಾಲ್ಕು ಪಾಲು ಹೆಚ್ಚಾಗಿರುತ್ತದೆ. ಇಡೀ ವ್ಯವಸ್ಥೆಯಲ್ಲಿ 6 ಲೀಟರ್ ಇದ್ದರೆ, ಹಿಗ್ಗಿದ ಆ ಕಾಲು ಲೀಟರಿಗೆ ಹೋಗಲು ಒಂದು ಜಾಗ ಬೇಕು. ಮ್ಯಾಕ್ಸ್ ಗೆರೆಯ ಮೇಲೆ ಕಾಣುವ ಖಾಲಿ ಭಾಗ ಇರುವುದು ಅದಕ್ಕಾಗಿಯೇ. ಅದನ್ನು ನೋಡಿ "ಇನ್ನೂ ಸ್ವಲ್ಪ ಹಿಡಿಯುತ್ತದಲ್ಲ" ಅಂದುಕೊಂಡು ತುಂಬಿಸುವವರೇ ಹೆಚ್ಚು. ನೀರಿನ ಟ್ಯಾಂಕಿಗಾದರೆ ಆ ಲೆಕ್ಕ ಸರಿ, ಇದಕ್ಕೆ ಸಲ್ಲದು.

ಡಬ್ಬಿಗಳಲ್ಲೂ ಎರಡು ಬಗೆ. ಕೆಲವು ಕಾರುಗಳಲ್ಲಿ, ಕೂಲಂಟಿನ ಬಿಸಿ ಕಳೆಯುವ ರೇಡಿಯೇಟರ್ ಮೇಲೆಯೇ ಒತ್ತಡದ ಮುಚ್ಚಳ ಇರುತ್ತದೆ. ಅಲ್ಲಿಂದ ಸಣ್ಣ ಪೈಪೊಂದು ಪಕ್ಕದ ಪ್ಲಾಸ್ಟಿಕ್ ಡಬ್ಬಿಗೆ ಬಂದಿರುತ್ತದೆ. ಈ ಡಬ್ಬಿಯೊಳಗೆ ಒತ್ತಡ ಇರುವುದಿಲ್ಲ. ಹೆಚ್ಚಾದದ್ದು ಓವರ್‌ಫ್ಲೋ ದಾರಿಯಲ್ಲಿ ನೆಲಕ್ಕೆ ಚೆಲ್ಲುತ್ತದೆ, ಅಷ್ಟೇ. ಇನ್ನೊಂದು ಬಗೆಯಲ್ಲಿ ಡಬ್ಬಿಯ ಮುಚ್ಚಳವೇ ಒತ್ತಡದ ಮುಚ್ಚಳ, ತಿರುಪು ಹಾಕಿ ಬಿಗಿಸುವಂಥದ್ದು. ಇದರಲ್ಲಿ ಕೂಲಂಟ್ ಮೇಲಿನ ಗಾಳಿ ದಿಂಬಿನ ಹಾಗೆ ಕೆಲಸ ಮಾಡುತ್ತದೆ. ಗಾಳಿ ಕುಗ್ಗಬಲ್ಲದು, ದ್ರವ ಕುಗ್ಗದು. ಗಾಳಿಗೆ ಜಾಗವೇ ಇಲ್ಲದಂತೆ ತುಂಬಿದರೆ ಒತ್ತಡ ಬೇಗ ಏರುತ್ತದೆ, ಮುಚ್ಚಳದ ವಾಲ್ವ್ ತೆರೆದುಕೊಂಡು ಕೂಲಂಟ್ ಹೊರಗೆ ಚಿಮ್ಮುತ್ತದೆ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಸಿಹಿ ವಾಸನೆಯ ಬಿಳಿ ಹೊಗೆ ಬೇರೆ. ಗೆರೆಗಿಂತ ಒಂದು ಬೆರಳು ಹೆಚ್ಚಾದ ಮಾತ್ರಕ್ಕೆ ಇಂಜಿನ್ ಹಾಳಾಗುವುದಿಲ್ಲ, ಅಷ್ಟೊಂದು ಹೆದರಬೇಕಿಲ್ಲ. ಆದರೆ ತೆಗೆಯುವುದು ಇಷ್ಟು ಸುಲಭ ಇರುವಾಗ ಬಿಡುವುದೇಕೆ?

ತೆಗೆಯುವುದು ಹೀಗೆ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು, ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ರಾತ್ರಿಯಿಡೀ ನಿಂತ ಗಾಡಿಯಾದರೆ ಎಲ್ಲಕ್ಕಿಂತ ಒಳ್ಳೆಯದು. "ಸ್ವಲ್ಪ ಬೆಚ್ಚಗಿದೆ, ಪರವಾಗಿಲ್ಲ" ಅನ್ನುವ ಮಾತೇ ಬೇಡ. ಒತ್ತಡ ಇರುವವರೆಗೆ ಕೂಲಂಟ್ 100 ಡಿಗ್ರಿ ಮೀರಿದರೂ ಕುದಿಯುವುದಿಲ್ಲ. ಮುಚ್ಚಳ ತೆರೆದ ಕ್ಷಣ ಒತ್ತಡ ಬಿದ್ದು ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ. ರೇಡಿಯೇಟರಿಗೆ ಹೋಗುವ ಮೇಲಿನ ದಪ್ಪ ಹೋಸ್ ಮುಟ್ಟಿದರೆ ತಣ್ಣಗಿರಬೇಕು, ಹಿಸುಕಿದರೆ ಮೆತ್ತಗಿರಬೇಕು. ಆಮೇಲೆ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ. ದೊಡ್ಡ ಸಿರಿಂಜಿನ ತುದಿಗೆ ತೆಳು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಇಳಿಬಿಟ್ಟು ಎಳೆಯಿರಿ. ಮಿನ್ ಮತ್ತು ಮ್ಯಾಕ್ಸ್ ಗೆರೆಗಳ ನಡುವೆ ಬರುವವರೆಗೆ ನಾಲ್ಕೈದು ಸಲ ಎಳೆದರೆ ಆಯಿತು. ಕೈಗೆ ಗ್ಲೌಸ್ ಇರಲಿ. ಆ ಸಿರಿಂಜ್ ಇನ್ನು ಮೇಲೆ ಇದಕ್ಕೆ ಮಾತ್ರ, ಅಡುಗೆಮನೆ ಕಡೆ ತಲೆ ಹಾಕಬಾರದು.

ಈಗ ಆ ಎರಡು ತಪ್ಪುಗಳಿಗೆ ಬರುತ್ತೇನೆ.

ನಾನು ಹೋಗುವಷ್ಟರಲ್ಲಿ ಗೆಳೆಯ ಉದ್ದನೆಯ ಕೊಳವೆ ಹಿಡಿದು ನಿಂತಿದ್ದ. ಒಂದು ತುದಿ ಡಬ್ಬಿಯಲ್ಲಿ, ಇನ್ನೊಂದು ತುದಿ ಬಾಯಿಯ ಹತ್ತಿರ. ಒಂದು ಸಲ ಬಾಯಲ್ಲಿ ಎಳೆದರೆ ತಾನಾಗಿ ಇಳಿಯುತ್ತದೆ ಅನ್ನುವುದು ಅವನ ಲೆಕ್ಕ. ಕೂಗಿ ನಿಲ್ಲಿಸಿದೆ. ಸಾಮಾನ್ಯ ಕೂಲಂಟಿನಲ್ಲಿ ಸುಮಾರು ಅರ್ಧ ಪಾಲು ಇರುವುದು ಎಥಿಲೀನ್ ಗ್ಲೈಕಾಲ್. ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ದೇಹಕ್ಕೆ ಹೋದ ಮೇಲೆ ಯಕೃತ್ತು ಅದನ್ನು ಒಡೆಯುತ್ತಾ ಹೋಗುತ್ತದೆ. ಕೊನೆಗೆ ಉಳಿಯುವ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಮೊದಲಿಗೆ ಕುಡಿದವರಂತೆ ತೂರಾಡುವುದು, ವಾಂತಿ. ಪ್ರಾಣಿಗಳಲ್ಲಂತೂ ನಡುವೆ ಒಮ್ಮೆ ಚೇತರಿಸಿಕೊಂಡಂತೆ ಕಾಣುವುದುಂಟು, ಅಷ್ಟರಲ್ಲಿ ಒಳಗೆ ಹಾನಿ ನಡೆದೇ ಇರುತ್ತದೆ. ಫೋಮೆಪಿಜೋಲ್ ಎಂಬ ಪ್ರತಿವಿಷ ಇದೆ, ಆದರೆ ಅದು ನೆರವಿಗೆ ಬರಬೇಕಾದರೆ ಬೇಗ ಸಿಗಬೇಕು. ಯಾರಾದರೂ ಅಪ್ಪಿತಪ್ಪಿ ನುಂಗಿದರೆ ಲಕ್ಷಣಕ್ಕೆ ಕಾಯದೆ, ಕ್ಯಾನ್ ಸಮೇತ ಆಸ್ಪತ್ರೆಗೆ ಓಡಿ.

ಎರಡನೆಯದು ಇನ್ನೂ ನೋವಿನದು. ಸಿರಿಂಜಿನಲ್ಲಿ ತೆಗೆದದ್ದನ್ನು ಮಗ್ಗಿಗೆ ಹಾಕಿದ್ದೆವು. ಅವನು ಅದನ್ನೆತ್ತಿಕೊಂಡು ಮೋರಿಯ ಕಡೆ ನಡೆದ. "ಇಷ್ಟೇ ಇಷ್ಟು, ಏನಾಗುತ್ತೆ?" ಇಷ್ಟೇ ಇಷ್ಟು ಅನ್ನುವುದೇ ತೊಂದರೆ. ಒಂದು ಬೆಕ್ಕಿನ ಪ್ರಾಣ ತೆಗೆಯಲು ಒಂದೆರಡು ಚಮಚ ಸಾಕು. ನೆಲದ ಮೇಲೆ ನಿಂತ ಹಸಿರು ನೀರು, ಬಾಯಾರಿದ ನಾಯಿ, ಸಿಹಿ ರುಚಿ: ಉಳಿದದ್ದನ್ನು ನಾನು ಹೇಳಬೇಕಿಲ್ಲ. ಮಕ್ಕಳಿರುವ ಮನೆಯಲ್ಲಿ ಗುಲಾಬಿ ಬಣ್ಣದ ಕೂಲಂಟನ್ನು ಹಳೆಯ ಜ್ಯೂಸ್ ಬಾಟಲಿಗೆ ಹಾಕಿಡುವುದನ್ನೂ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಲವು ತಯಾರಕರು ಕಹಿ ಬೆರೆಸಿರುತ್ತಾರೆ, ನಿಮ್ಮ ಕ್ಯಾನಿನಲ್ಲೂ ಬೆರೆಸಿದ್ದಾರೆಂದು ನಂಬಿ ಕೂರಬೇಡಿ. ಬಿಗಿ ಮುಚ್ಚಳದ ಕ್ಯಾನಿಗೆ ಹಾಕಿ, ಮೇಲೆ ದಪ್ಪ ಅಕ್ಷರದಲ್ಲಿ "ಕೂಲಂಟ್, ವಿಷ" ಎಂದು ಬರೆದು, ಕೈಗೆ ಸಿಗದಂತೆ ಇಡಿ. ಹಳೆಯ ಕೂಲಂಟ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ನೆಲಕ್ಕೆ ಬಿದ್ದ ಹನಿಗಳನ್ನು ಹಳೆ ಬಟ್ಟೆಯಲ್ಲಿ ಒತ್ತಿ ತೆಗೆದು, ಆ ಬಟ್ಟೆಯನ್ನೂ ಕವರಿನಲ್ಲಿ ಕಟ್ಟಿ ಬಿಸಾಡಿ.

ಹಾಕಿದ್ದು ಬರೀ ನೀರಾಗಿದ್ದರೆ, ಅಥವಾ ವೈಪರ್ ನೀರಿನ ಡಬ್ಬಿಗೆ ಹೋಗಬೇಕಾದ್ದು ಇಲ್ಲಿಗೆ ಬಂದಿದ್ದರೆ, ಆ ಕಥೆ ಬೇರೆ. ಮೊದಲನೆಯದರಲ್ಲಿ ಮಿಶ್ರಣ ತೆಳುವಾಗಿರುತ್ತದೆ, ಒಮ್ಮೆ ಪರೀಕ್ಷೆ ಮಾಡಿಸಿ. ಎರಡನೆಯದರಲ್ಲಿ ಗಾಡಿ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಹೇಳಿ.

ಕೆಲಸ ಮುಗಿದ ಮೇಲೆ ಗೆಳೆಯನನ್ನು ಕೇಳಿದೆ: ಕಮ್ಮಿ ಇದೆ ಅಂತ ನೋಡಿದ್ದು ಯಾವಾಗ? ಬೆಳಿಗ್ಗೆ, ಗಾಡಿ ತಣ್ಣಗಿದ್ದಾಗ ಅಂದ. ಮಿನ್ ಗೆರೆಗಿಂತ ಕೆಳಗಿತ್ತಾ? ಇಲ್ಲ, ಮೇಲೇ ಇತ್ತು, ಹಿಂದಿನ ದಿನ ಸಂಜೆ ನೋಡಿದ್ದಕ್ಕಿಂತ ಕೆಳಗಿತ್ತು. ಅಂದರೆ ಏನೂ ಕಮ್ಮಿಯಾಗಿರಲಿಲ್ಲ! ಸಂಜೆ ಓಡಿಸಿ ಬಂದಾಗ ಹಿಗ್ಗಿದ್ದು ಬೆಳಿಗ್ಗೆ ಕುಗ್ಗಿತ್ತು. ನಿಜವಾಗಿ ಗಮನಿಸಬೇಕಾದದ್ದು ಬೇರೆ. ವಾರವಾರವೂ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ. ಯಾರೂ ಏನೂ ಹಾಕದೆ ತಾನಾಗಿ ಮೇಲೇರಿ, ತಣ್ಣಗಾದ ಮೇಲೂ ಇಳಿಯದಿದ್ದರೆ, ಅಥವಾ ಇಂಜಿನ್ ಓಡುವಾಗ ಡಬ್ಬಿಯಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ, ಸಿರಿಂಜ್ ಕೆಳಗಿಡಿ. ರೇಡಿಯೇಟರ್ ಮುಚ್ಚಳ ಕೆಟ್ಟಿರಬಹುದು, ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ತಲೆಭಾಗಕ್ಕೂ ಕೆಳಗಿನ ಬ್ಲಾಕಿಗೂ ನಡುವಿನ ತೆಳು ಸೀಲು) ಸೀಳಿ ಉರಿದ ಅನಿಲ ಕೂಲಂಟಿಗೆ ನುಗ್ಗುತ್ತಿರಬಹುದು. ಅದು ಮನೆಯಲ್ಲಿ ಸರಿಹೋಗುವ ಕೆಲಸವಲ್ಲ.

ಡಬ್ಬಿಯ ಹೊರಮೈಗೆ ಮಾರ್ಕರಿನಲ್ಲಿ ಅಂದಿನ ಮಟ್ಟಕ್ಕೆ ಒಂದು ಗೀಟು ಎಳೆದು ಬಂದೆ. ದಿನಾ ಬೆಳಿಗ್ಗೆ ಇಂಜಿನ್ ಹಾಕುವ ಮೊದಲು ನೋಡು ಎಂದಿದ್ದೆ. ನಿನ್ನೆಗೆ ಒಂದು ವಾರ. ಫೋಟೋ ಕಳಿಸಿದ್ದಾನೆ, ಗೀಟಿನ ಮಟ್ಟಕ್ಕೇ ನಿಂತಿದೆ.